ಸುಣ್ಣದ ಸೋಜಿಗಗಳು
ಶೆಟ್ಟಿಹಳ್ಳಿಯ ಗೋಡೆಯಿಂದ ಅಡಕೆಯ ತೋಟದವರೆಗೆ

ಎಲೆಯಡಕೆಯ ತಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ವಸ್ತುವು ಯಾವುದೆಂದು ಕೇಳಿದರೆ ಮಕ್ಕಳು ಸಹ ಸುಣ್ಣವೆಂದೇ ಹೇಳುವರು. ಬೇಡವಾದವನಿಗೆ ಸುಣ್ಣ, ಬೇಕಾದವನಿಗೆ ಬೆಣ್ಣೆ ಎಂಬರ್ಥದ ಗಾದೆಯೂ ನಮ್ಮಲ್ಲುಂಟು. ಹೀಗೆ ಅಲ್ಪವೆಂದು ಎಣಿಸಲ್ಪಟ್ಟಿರುವ ಈ ಪದಾರ್ಥವು ಮಾಡಿರುವ ಕೆಲಸಗಳನ್ನು ವಿಚಾರಿಸಿ ನೋಡಿದರೆ ಆಶ್ಚರ್ಯವಾಗದೆ ಇರದು. ಅವುಗಳಲ್ಲಿ ಕೆಲವನ್ನು ಗ್ರಾಮದ ಹಿರಿಯರ ಹಾಗೂ ಜಮೀನುದಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಇವು ಕೇವಲ ವಿನೋದಕ್ಕಾಗಿ ಹೇಳುವ ಸಂಗತಿಗಳಲ್ಲ. ಒಂದೊಂದು ಸೋಜಿಗದ ಹಿಂದೆಯೂ ಒಂದೊಂದು ಕಾರಣವಿದೆ. ಆ ಕಾರಣವನ್ನು ಅರಿತವನಿಗೆ ಲಾಭವೂ, ಮರೆತವನಿಗೆ ನಷ್ಟವೂ ಉಂಟೆಂಬುದು ಮುಂದೆ ತಿಳಿದುಬರುವುದು.

1. ನೀರಿನಲ್ಲಿ ನಿಂತ ಗೋಡೆ

ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯುಂಟು. ಫ್ರಾನ್ಸ್ ದೇಶದ ಪಾದ್ರಿಗಳು ಇದನ್ನು ಸುಮಾರು 1860ರಲ್ಲಿ ಕಟ್ಟಿಸಿದರು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟಾಗಿ 1979ರಲ್ಲಿ ಕೆಲಸವು ಮುಗಿಯಿತು. ಹಿನ್ನೀರು ಏರಲು, ಊರಿನವರು ಮನೆ ಹೊಲಗಳನ್ನು ಬಿಟ್ಟು ಬೇರೆಡೆಗೆ ಹೋದರು. ಇಗರ್ಜಿಯು ಮಾತ್ರ ಇದ್ದಲ್ಲಿಯೇ ಉಳಿಯಿತು. ಅಂದಿನಿಂದ ಮಳೆಗಾಲದಲ್ಲಿ ಜಲಾಶಯವು ತುಂಬಿದಾಗ ಕಟ್ಟಡದ ಬಹುಭಾಗವು ನೀರಿನಲ್ಲಿ ಮುಳುಗುವುದು. ಬೇಸಿಗೆಯಲ್ಲಿ ನೀರು ಇಳಿದಾಗ ಕಮಾನುಗಳೊಡನೆ ಹೊರಗೆ ಕಾಣಿಸಿಕೊಳ್ಳುವುದು. ಮಾಡು ಇಲ್ಲವಾಗಿದೆ. ಗೋಡೆಗಳಲ್ಲಿಯೂ ಕೆಲವು ಭಾಗಗಳು ಬಿದ್ದಿವೆ. ಆದರೂ ನಾಲ್ಕು ದಶಕಗಳಿಗಿಂತ ಹೆಚ್ಚುಕಾಲ ನೆನೆದು ಒಣಗುತ್ತಿರುವ ಇಟ್ಟಿಗೆಯ ಗೋಡೆಗಳು ಇಷ್ಟಾದರೂ ನಿಂತಿರುವುದನ್ನು ನೋಡಲು ದೂರದಿಂದ ಜನರು ಬರುತ್ತಾರೆ.

ನೋಡಲು ಬರುವವರಿಗೆ ಅದು ಸೊಗಸಾದ ನೋಟವೇ ಸರಿ. ಆದರೆ ಆ ನೀರಿನ ಕೆಳಗೆ ಇರುವುದು ರೈತರು ಉತ್ತು ಬಿತ್ತಿದ ಭೂಮಿ ಎಂಬುದನ್ನು ಮರೆಯಲಾಗದು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನಾಲೆಯ ನೀರು ಹರಿಯುವುದು ಇಲ್ಲಿನವರು ಬಿಟ್ಟುಕೊಟ್ಟ ನೆಲದ ಬೆಲೆಯಿಂದಲೇ.

ಆ ಗೋಡೆಗಳು ಹೇಗೆ ನಿಂತವು? ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿದ್ದರೆಂದು ಸುತ್ತಲಿನ ಜನರು ಹೇಳುವರು. ಈ ಮಾತನ್ನು ಕಟ್ಟುಕಥೆಯೆಂದು ತಳ್ಳಿಹಾಕಬೇಕಾಗಿಲ್ಲ. ನಮ್ಮ ದೇಶದ ಹಳೆಯ ಗಾರೆ ಕೆಲಸದಲ್ಲಿ ಇಂಥ ಪದಾರ್ಥಗಳನ್ನು ಬೆರೆಸುವ ವಾಡಿಕೆಯು ಅನೇಕ ಕಡೆ ಇದ್ದಿತು. ಬರಿಯ ನೀರಿನಲ್ಲಿ ಸುಣ್ಣವು ಸ್ವಲ್ಪವೇ ಕರಗುವುದು. ಬೆಲ್ಲದ ನೀರಿನಲ್ಲಿಯಾದರೋ ಬಹಳ ಹೆಚ್ಚಾಗಿ ಕರಗುವುದು. ಆದುದರಿಂದ ಅದು ಮರಳಿನ ಸಂದುಗಳಲ್ಲಿ ಚೆನ್ನಾಗಿ ಸೇರಿ ಬಿಗಿಯುವುದು. ಆದರೆ ಮುಖ್ಯ ಕಾರಣವು ಬೆಲ್ಲವಲ್ಲ, ಸುಣ್ಣದ ಸ್ವಭಾವವೇ. ಅದನ್ನು ಈಗ ನೋಡೋಣ.

2. ಕಲ್ಲಿನಿಂದ ಹುಟ್ಟಿ ಕಲ್ಲಾಗುವ ವಸ್ತು

ಸುಣ್ಣದ ಕಲ್ಲನ್ನು ಗೂಡಿನಲ್ಲಿಟ್ಟು ಕೆಂಪಗೆ ಕಾಯಿಸಿದರೆ ಅದರೊಳಗಿನ ಇಂಗಾಲಾಮ್ಲವಾಯುವು ಹೊರಟುಹೋಗುವುದು. ಶುದ್ಧವಾದ ಕಲ್ಲು 100 ಕಿಲೋ ಇದ್ದರೆ 44 ಕಿಲೋ ವಾಯುವಾಗಿ ಹೋಗಿ, 56 ಕಿಲೋ ಸುಟ್ಟ ಸುಣ್ಣ ಉಳಿಯುವುದು. ಇದಕ್ಕೆ ನೀರನ್ನು ಹಾಕಿದೊಡನೆ ಬುಸುಗುಟ್ಟಿ, ಕುದಿದು, ಅರಳಿ ಬಿಳಿಯ ಹಿಟ್ಟಾಗುವುದು. ಗಾರೆಯಾಗಿ ಗೋಡೆಯನ್ನು ಸೇರಿದ ಮೇಲೆ, ಇದು ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಮೊದಲಿನಂತೆಯೇ ಕಲ್ಲಾಗುವುದು. ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ಹಿಂದಕ್ಕೆ ಪಡೆಯುವುದೇ ಸುಣ್ಣದ ಮೊದಲನೆಯ ಸೋಜಿಗ.

ಈ ಕೆಲಸವು ಮೇಲಿನಿಂದ ಒಳಕ್ಕೆ ನಿಧಾನವಾಗಿ ನಡೆಯುವುದು. ದಪ್ಪ ಗೋಡೆಯಲ್ಲಿ ಅನೇಕ ವರ್ಷಗಳು ಹಿಡಿಯುವುವು. ಶೆಟ್ಟಿಹಳ್ಳಿಯ ಗೋಡೆಗೆ ನೀರು ತಾಗುವ ಮೊದಲು ನೂರು ವರ್ಷಗಳಿಗೂ ಮಿಕ್ಕಿದ ಒಣ ಕಾಲವು ದೊರೆತಿದ್ದಿತು. ಜಲಾಶಯವು ಬಂದಾಗ ಅಲ್ಲಿದ್ದುದು ಹಸಿಯ ಗಾರೆಯಲ್ಲ, ಕಲ್ಲಾದ ಗಾರೆ.

ಹಾಸನ ಜಿಲ್ಲೆಯ ಬೇಲೂರು ಹಳೇಬೀಡುಗಳ ಗುಡಿಗಳನ್ನು ಹೊಯ್ಸಳರು ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲನ್ನು ಹೊಂದಿಸಿ ಕಟ್ಟಿದರು. ಸುಣ್ಣವಿಲ್ಲದ ಕಟ್ಟಡವೂ ಸುಣ್ಣವೇ ಪ್ರಾಣವಾದ ಕಟ್ಟಡವೂ ಒಂದೇ ಜಿಲ್ಲೆಯಲ್ಲಿ ಇರುವುದು ಗಮನಿಸತಕ್ಕ ಸಂಗತಿ.

ಬರಿಯ ಸುಣ್ಣದ ಹಸಿಗಾರೆಯು ಗಾಳಿಯಿಲ್ಲದ ಕಡೆ ಗಟ್ಟಿಯಾಗದು. ನೀರಿನೊಳಗೇ ಗಟ್ಟಿಯಾಗಬೇಕಾದರೆ ಸುಟ್ಟ ಇಟ್ಟಿಗೆಯ ಪುಡಿ, ಎಂದರೆ ಸುರ್ಕಿ, ಬೆರೆಯಬೇಕು. ಬೆಂದ ಮಣ್ಣಿನಲ್ಲಿರುವ ಅಂಶಗಳು ಸುಣ್ಣದೊಡನೆ ಕೂಡಿ ಗಾಳಿಯ ಸಹಾಯವಿಲ್ಲದೆಯೇ ಬಿಗಿಯುವುವು. ರೋಮನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿಯನ್ನು ಉಪಯೋಗಿಸಿದರು. ಶೆಟ್ಟಿಹಳ್ಳಿಯ ಗೋಡೆಯನ್ನು ತೊಳೆದ ಹೇಮಾವತಿಯ ನೀರು ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವುದಷ್ಟೆ. 1911ರಲ್ಲಿ ಪ್ರಾರಂಭವಾದ ಆ ಅಣೆಕಟ್ಟನ್ನು ಕಟ್ಟಿದುದೂ ಸಿಮೆಂಟಿನಿಂದಲ್ಲ, ಸುಣ್ಣ ಸುರ್ಕಿಗಳ ಗಾರೆಯಿಂದಲೇ.

3. ಬೆಲ್ಲಕ್ಕೆ ಸುಣ್ಣ, ಸುಣ್ಣಕ್ಕೆ ಬೆಲ್ಲ

ಗಾರೆಗೆ ಬೆಲ್ಲ ಹಾಕುವರೆಂದರೆ ನಗುವವರು ಆಲೆಮನೆಯನ್ನು ನೆನೆಯಬೇಕು. ಅಲ್ಲಿ ಕಬ್ಬಿನ ಹಾಲಿನ ಹುಳಿಯನ್ನು ಮುರಿದು, ಕೊಳೆಯನ್ನು ತೇಲಿಸಿ ತೆಗೆಯಲು ಸುಣ್ಣದ ತಿಳಿಯನ್ನು ಹಾಕುವರು. ಬೆಲ್ಲವು ಸುಣ್ಣಕ್ಕೆ ಉಪಕಾರಿ, ಸುಣ್ಣವು ಬೆಲ್ಲಕ್ಕೆ ಉಪಕಾರಿ.

ಆದರೆ ಹಿರಿಯರು ಗಾರೆಗೆ ಬೆಲ್ಲ ಹಾಕಿದರೆಂದು ಈಗಿನ ಸಿಮೆಂಟಿಗೂ ಹಾಕಿದರೆ ಕೆಲಸವು ಕೆಡುವುದು. ಸ್ವಲ್ಪ ಸಕ್ಕರೆಯ ಅಂಶವು ಸೇರಿದರೂ ಸಿಮೆಂಟು ಹೊತ್ತಿಗೆ ಸರಿಯಾಗಿ ಬಿಗಿಯದೆ ಮೆತ್ತಗೆ ಉಳಿಯುವುದು. ಬೆಲ್ಲದ ಕೊಪ್ಪರಿಗೆ ತೊಳೆದ ನೀರಿನಲ್ಲಿ ಸಿಮೆಂಟು ಕಲಸಬಾರದು. ಹಾಗೆಯೇ ಹಳೆಯ ಗುಡಿ, ಕೆರೆಯ ತೂಬು, ಬಾವಿಯ ಕಟ್ಟೆ ಮುಂತಾದ ಸುಣ್ಣಗಾರೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವಾಗ ಮೇಲೆ ಸಿಮೆಂಟು ಬಳಿಯುವುದೇ ಭದ್ರವೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಗಡುಸಾದ ಸಿಮೆಂಟಿನ ಪದರವು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡದು. ಒಳಗಿನ ಇಟ್ಟಿಗೆಯು ಕೊಳೆತು ಉದುರುವುದು. ಸುಣ್ಣದ ಕಟ್ಟಡಕ್ಕೆ ಸುಣ್ಣದ ಗಾರೆಯೇ ಹಿತ.

4. ದ್ರಾಕ್ಷಿಯ ಕಳ್ಳರು ಕಲಿಸಿದ ವಿದ್ಯೆ

ಇನ್ನು ಗೋಡೆಯನ್ನು ಬಿಟ್ಟು ತೋಟದ ಕಡೆಗೆ ಬರೋಣ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯೇ ಜನರ ಜೀವನ. 1878ರ ಸುಮಾರಿಗೆ ಅಮೆರಿಕದಿಂದ ಬಂದ ಒಂದು ಬೂಷ್ಟುರೋಗವು ಬಳ್ಳಿಗಳ ಎಲೆಗಳನ್ನೆಲ್ಲ ಉದುರಿಸತೊಡಗಿತು. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಪಂಡಿತನು ಒಂದು ತೋಟದ ದಾರಿಯಲ್ಲಿ ಹೋಗುತ್ತಿರುವಾಗ ವಿಚಿತ್ರವೊಂದನ್ನು ಕಂಡನು. ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳಾಗಿದ್ದುವು. ದಾರಿಯ ಪಕ್ಕದ ಬಳ್ಳಿಗಳು ಮಾತ್ರ ಎಲೆ ತುಂಬಿ ನಿಂತಿದ್ದುವು.

ವಿಚಾರಿಸಲು ತಿಳಿದುದಿಷ್ಟು: ದಾರಿಹೋಕರು ಹಣ್ಣನ್ನು ಕದಿಯುತ್ತಿದ್ದರು. ಅವರನ್ನು ಹೆದರಿಸುವುದಕ್ಕಾಗಿ ತೋಟದವರು ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ದಾರಿಯ ಬದಿಯ ಬಳ್ಳಿಗಳಿಗೆ ಎರಚಿದ್ದರು. ನೀಲಿಯ ಕಲೆಗಳನ್ನು ಕಂಡು ವಿಷವೆಂದು ಕಳ್ಳರು ದೂರವಾದರು. ಜೊತೆಗೆ ರೋಗವೂ ದೂರವಾಯಿತು! ತೋಟದವರು ಕಳ್ಳರ ಕಾಟ ತಪ್ಪಿತೆಂದು ಸುಮ್ಮನಿದ್ದರು. ಮಿಲ್ಲಾರ್ಡೆಯು ಸುಮ್ಮನಿರದೆ ಎರಡು ವರ್ಷಗಳ ಕಾಲ ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಔಷಧದ ಪ್ರಮಾಣವನ್ನು ಪ್ರಕಟಿಸಿದನು. ಅದೇ ಬೋರ್ಡೋ ದ್ರಾವಣ. ಸೋಜಿಗವನ್ನು ಕಂಡವರು ಅನೇಕರು. ಕಾರಣವನ್ನು ಕೇಳಿದವನು ಒಬ್ಬನೇ.

5. ಐರ್ಲೆಂಡಿನ ಮಾರಿಯೂ ಮಲೆನಾಡಿನ ಕೊಳೆಯೂ

ಆಲೂಗೆಡ್ಡೆಯು ದಕ್ಷಿಣ ಅಮೆರಿಕದ ಬೆಟ್ಟಗಳಿಂದ ಲೋಕಕ್ಕೆಲ್ಲ ಹರಡಿದ ಬೆಳೆ. ಐರ್ಲೆಂಡಿನ ಬಡವರಿಗೆ ಅದೇ ಅನ್ನವಾಗಿದ್ದಿತು. 1845ರಲ್ಲಿ ಅಲ್ಲಿಗೆ ಅಂಗಮಾರಿ ರೋಗವು ಬಂದಿತು. ಒಂದು ವಾರದ ಹಿಂದೆ ಹಸುರಾಗಿದ್ದ ಹೊಲಗಳು ಕಪ್ಪಾಗಿ ನಾರತೊಡಗಿದುವು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವು ರೋಗಗಳಿಂದ ಮಡಿದರು; ಅಷ್ಟೇ ಮಂದಿ ದೇಶವನ್ನು ಬಿಟ್ಟುಹೋದರು. ಆ ದೇಶದ ಅಂದಿನ ಜನಸಂಖ್ಯೆಯು 80 ಲಕ್ಷಕ್ಕೆ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಈ ನಷ್ಟದ ಭಾರವು ತಿಳಿದೀತು.

ಆ ರೋಗಾಣುವಿನ ಕುಲಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಫೈಟಾಫ್ತೋರ. ಗ್ರೀಕ್ ಭಾಷೆಯಲ್ಲಿ ಗಿಡಗಳ ನಾಶಕ ಎಂದು ಅರ್ಥ. ಹಾಸನ, ಅರಕಲಗೂಡುಗಳ ಆಲೂಗೆಡ್ಡೆಯ ಹೊಲಗಳಲ್ಲಿ ಮೋಡ ಕವಿದು ತುಂತುರು ಹಿಡಿದಾಗ ಕಾಣಿಸಿಕೊಳ್ಳುವ ಅಂಗಮಾರಿಯು ಐರ್ಲೆಂಡನ್ನು ಹಾಳುಮಾಡಿದ ಅದೇ ರೋಗ. ಇದಕ್ಕಿಂತಲೂ ಆಶ್ಚರ್ಯವೇನೆಂದರೆ, ನಮ್ಮ ಅಡಕೆಯ ತೋಟದ ಕೊಳೆರೋಗವನ್ನು ತರುವುದೂ ಇದೇ ಕುಲದ ಇನ್ನೊಂದು ರೋಗಾಣುವೇ. ಒಂದು ಗೆಡ್ಡೆಯ ಗಿಡ, ಮತ್ತೊಂದು ಮುಗಿಲಿಗೆ ಏರಿದ ಮರ. ಶತ್ರುಗಳು ಮಾತ್ರ ದಾಯಾದಿಗಳು. ಈ ರೋಗಾಣುಗಳ ಬೀಜಗಳಿಗೆ ಈಜುವ ಶಕ್ತಿಯುಂಟು. ಎಲೆಯ ಮೇಲೆ ಅಥವಾ ಕಾಯಿಯ ಮೇಲೆ ನಿಂತ ನೀರಿನ ತೆಳುವಾದ ಪೊರೆಯೇ ಅವಕ್ಕೆ ಹೊಳೆ. ಆದುದರಿಂದಲೇ ಬಿಡದೆ ಸುರಿಯುವ ಮಳೆಯಲ್ಲಿ ಕೊಳೆಯು ಹೆಚ್ಚುವುದು.

ಮಲೆನಾಡಿನ ಹಿರಿಯರು ಇದನ್ನು ಅನುಭವದಿಂದ ಅರಿತು, ಅಡಕೆಯ ಗೊನೆಗಳಿಗೆ ಮಳೆ ತಾಗದಂತೆ ಹುಲ್ಲಿನ ಕೊಟ್ಟೆಯನ್ನು ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕೂಲಂಕಷವಾಗಿ ಪರಿಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿಯನ್ನು ಕಾಪಾಡಿದ ದ್ರಾವಣವು ಅಡಕೆಯನ್ನೂ ಕಾಪಾಡುವುದೆಂದು ಅವರು ತೋರಿಸಿಕೊಟ್ಟರು. ಇಂದಿಗೂ ಅಡಕೆಯ ತೋಟಗಳಲ್ಲಿ ಇದೇ ದ್ರಾವಣವು ನಡೆದುಬರುತ್ತಿದೆ.

ಕೊಳೆರೋಗವೆಂಬ ನಮ್ಮ ಮಾತೂ ದೇಶಾಂತರವನ್ನು ಕಂಡಿದೆ. ಕಾಫಿಯ ಎಲೆಯನ್ನು ಕೊಳೆಯಿಸುವ ಬೇರೊಂದು ಬೂಷ್ಟಿಗೆ ಇಂಗ್ಲೆಂಡಿನ ಕುಕ್ ಎಂಬ ಶಾಸ್ತ್ರಜ್ಞನು 1876ರಲ್ಲಿ ನಾಮಕರಣ ಮಾಡುವಾಗ, ಕೊಳೆರೋಗ ಎಂಬ ಕನ್ನಡದ ಮಾತನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದನು. ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ನಮ್ಮ ಭಾಷೆಯು ಒಂದು ರೋಗದ ಮೂಲಕ ಸ್ಥಾನ ಪಡೆದಿರುವುದು ಸಹ ಒಂದು ಸೋಜಿಗವೇ!

6. ದ್ರಾವಣದ ಮರ್ಮ

ರೋಗಾಣುವನ್ನು ಕೊಲ್ಲುವುದು ಮೈಲುತುತ್ತದಲ್ಲಿರುವ ತಾಮ್ರ; ಸುಣ್ಣವಲ್ಲ. ಹಾಗಾದರೆ ಸುಣ್ಣವೇಕೆ? ಬರಿಯ ಮೈಲುತುತ್ತದ ನೀರು ಎಲೆಯನ್ನು ಸುಡುವುದು, ಮೊದಲನೆಯ ಮಳೆಗೇ ತೊಳೆದುಹೋಗುವುದು. ಸುಣ್ಣವು ಸೇರಿದಾಗ ತಾಮ್ರವು ಕರಗದ ರೂಪವನ್ನು ತಾಳಿ ಎಲೆಗೆ ಅಂಟಿಕೊಂಡು, ಸ್ವಲ್ಪಸ್ವಲ್ಪವಾಗಿ ಕೆಲಸ ಮಾಡುವುದು. ಕತ್ತಿಯು ತಾಮ್ರವಾದರೆ ಒರೆಯು ಸುಣ್ಣ.

ನೂರಕ್ಕೆ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರು ನೀರು ಬೇಕು. ಮೈಲುತುತ್ತವನ್ನು 50 ಲೀಟರಿನಲ್ಲಿಯೂ, ಸುಣ್ಣವನ್ನು ಅರಳಿಸಿ ಸೋಸಿ ಉಳಿದ 50 ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕದಡಬೇಕು. ಅನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಾಗಬೇಕು, ಕಬ್ಬಿಣದ್ದು ಸಲ್ಲದು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು.

ದ್ರಾವಣವು ಸರಿಯೇ ಎಂದು ತಿಳಿಯಲು ಥಳಥಳಿಸುವ ಕಬ್ಬಿಣದ ಚಾಕುವೊಂದನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಾದ ತಾಮ್ರವು ಕೂತಿದ್ದರೆ ಸುಣ್ಣವು ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸಿ, ಚಾಕು ಬೆಳ್ಳಗೇ ಬರುವವರೆಗೆ ಪರೀಕ್ಷಿಸಬೇಕು.

ಅನೇಕ ವೇಳೆ ಮೋಸವಾಗುವುದು ಇಲ್ಲಿಯೇ. ಹೋದ ವರ್ಷದ ಮೂಟೆಯಲ್ಲಿ ಉಳಿದ ಸುಣ್ಣದ ಹಿಟ್ಟು ನೋಡುವುದಕ್ಕೆ ಬೆಳ್ಳಗೆ ಚೆನ್ನಾಗಿಯೇ ಇರುವುದು. ಆದರೆ ಗಾಳಿಯನ್ನು ಹೀರಿ ಅದು ಆಗಲೇ ಕಲ್ಲಾಗಿರುವುದು. ಶೆಟ್ಟಿಹಳ್ಳಿಯ ಗೋಡೆಯನ್ನು ಉಳಿಸಿದ ಗುಣವೇ ಇಲ್ಲಿ ತೋಟವನ್ನು ಕೆಡಿಸುವುದು! ತೂಕಕ್ಕೆ ತೂಕ ಹಾಕಿದರೂ ಅಂಥ ಸುಣ್ಣವು ತಾಮ್ರವನ್ನು ಹಿಡಿಯಲಾರದು. ಔಷಧ ಹೊಡೆದರೂ ಕೊಳೆ ಬಂದಿತೆಂದು ಔಷಧವನ್ನು ದೂರುವುದಾಗುವುದು. ಸುಣ್ಣದ ಜೀವವನ್ನು ತಿಳಿಯಲು ಎರಡು ಸುಲಭ ಪರೀಕ್ಷೆಗಳುಂಟು. ಸುಟ್ಟ ಸುಣ್ಣದ ಹರಳಿನ ಮೇಲೆ ನೀರು ಹಾಕಿದರೆ ಬುಸುಗುಟ್ಟಿ ಬಿಸಿಯಾಗಬೇಕು. ಹಿಟ್ಟಾಗಿರುವ ಸುಣ್ಣದ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ನೊರೆಯುಕ್ಕಬಾರದು. ನೊರೆಯುಕ್ಕಿದರೆ ಅದು ಕಲ್ಲಾಗಿದೆಯೆಂದು ತಿಳಿಯಬೇಕು.

ಮತ್ತೊಂದು ಮುಖ್ಯ ವಿಷಯ: ಈ ದ್ರಾವಣವು ಕಾವಲುಗಾರನೇ ಹೊರತು ವೈದ್ಯನಲ್ಲ. ರೋಗವು ಒಳಹೊಕ್ಕ ಮೇಲೆ ಅದನ್ನು ಹೊರಡಿಸಲಾರದು. ಅಡಕೆಗೆ ಮುಂಗಾರು ಹಿಡಿಯುವ ಮೊದಲೇ ಒಂದು ಸಲ, ಸುಮಾರು 40ರಿಂದ 45 ದಿನಗಳ ಮೇಲೆ ಮತ್ತೊಂದು ಸಲ ಹೊಡೆಯಬೇಕು. ಆಲೂಗೆಡ್ಡೆಗೂ ನಿಯಮವು ಅದೇ. ರೋಗಕ್ಕೆ ಮೊದಲೇ ಔಷಧ. ಈಗ ಅದಕ್ಕೆ ಬೇರೆ ಔಷಧಗಳೂ ಬಂದಿರುವುದರಿಂದ ತೋಟಗಾರಿಕೆ ಇಲಾಖೆಯವರ ಸಲಹೆಯಂತೆ ನಡೆಯತಕ್ಕದ್ದು. ಒಬ್ಬನು ಹೊಡೆದು ನೆರೆಯವನು ಬಿಟ್ಟರೆ ರೋಗವು ಬೇಲಿಯನ್ನು ಲೆಕ್ಕಿಸದು. ಊರಿನವರೆಲ್ಲರೂ ಒಂದೇ ವಾರದಲ್ಲಿ ಹೊಡೆಯುವಂತೆ ಏರ್ಪಾಡು ಮಾಡುವುದು ಗ್ರಾಮದ ಹಿರಿಯರಿಂದಲೇ ಆಗಬೇಕಾದ ಕೆಲಸ.

7. ಸತ್ತ ಸುಣ್ಣಕ್ಕೂ ಸ್ಥಾನವುಂಟು

ಕಲ್ಲಾದ ಸುಣ್ಣವನ್ನು ತಿಪ್ಪೆಗೆ ಎಸೆಯಬೇಕೆ? ಬೇಡ. ಗಾರೆಗೂ ದ್ರಾವಣಕ್ಕೂ ಸಲ್ಲದ ಆ ಪುಡಿಯು ಹುಳಿಯಾದ ಭೂಮಿಗೆ ಸಲ್ಲುವುದು. ಹೆಚ್ಚು ಮಳೆ ಬೀಳುವ ಸಕಲೇಶಪುರದಂಥ ಸೀಮೆಗಳಲ್ಲಿ ಮಳೆಯ ನೀರು ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ಭೂಮಿಯು ಹುಳಿಯಾಗುವುದು. ಅಲ್ಲಿ ಸುಣ್ಣದ ಕಲ್ಲಿನ ನಯವಾದ ಪುಡಿಯೇ ಹುಳಿಯನ್ನು ಮುರಿಯುವುದು.

ಆದರೆ ಮಣ್ಣನ್ನು ಪರೀಕ್ಷಿಸದೆ ಸುಣ್ಣವನ್ನು ಹಾಕಬಾರದು. ಸುಣ್ಣವು ತಂದೆಯನ್ನು ಸಿರಿವಂತನನ್ನಾಗಿ ಮಾಡಿ ಮಗನನ್ನು ಬಡವನನ್ನಾಗಿ ಮಾಡುವುದೆಂದು ಯೂರೋಪಿನ ರೈತರಲ್ಲಿ ಹಳೆಯ ಗಾದೆಯುಂಟು. ಗೊಬ್ಬರವಿಲ್ಲದೆ ಬರಿಯ ಸುಣ್ಣವನ್ನೇ ನೆಚ್ಚಿದರೆ ಭೂಮಿಯ ಸಾರವು ಬೇಗನೆ ಖರ್ಚಾಗುವುದೆಂಬುದು ಇದರ ತಾತ್ಪರ್ಯ. ಸುಣ್ಣವನ್ನು ಹಸಿಗೊಬ್ಬರದೊಡನೆಯಾಗಲಿ ಅಮೋನಿಯ ಗೊಬ್ಬರದೊಡನೆಯಾಗಲಿ ಕೂಡಿಸಬಾರದು. ಸಾರವು ಗಾಳಿಗೆ ಹಾರಿಹೋಗುವುದು. ಆಲೂಗೆಡ್ಡೆಯ ಹೊಲಕ್ಕೆ ಸುಣ್ಣವು ಹೆಚ್ಚಾದರೆ ಗೆಡ್ಡೆಯ ಮೇಲೆ ಕಜ್ಜಿರೋಗವು ಏಳುವುದು. ತಾಮ್ರದೊಡನೆ ಕೂಡಿ ಎಲೆಗೆ ಕಾವಲಾಗುವ ಸುಣ್ಣವೇ ಮಣ್ಣಿನಲ್ಲಿ ಗೆಡ್ಡೆಗೆ ಶತ್ರುವಾಗುವುದು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವೆಂಬ ಗಾದೆಯು ಇಲ್ಲಿ ಒಂದೇ ಗಿಡದಲ್ಲಿ ನಿಜವಾಯಿತು.

ಕಣ್ಣಿನ ಮಾತು ಬಂದುದರಿಂದ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಸುಣ್ಣವು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಶುದ್ಧವಾದ ನೀರನ್ನು ಬಹಳ ಹೊತ್ತು ಹಾಯಿಸಿ ತೊಳೆದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸುಣ್ಣವನ್ನು ಅರಳಿಸುವಾಗ ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು.

ಈ ಎಲ್ಲ ಸಂಗತಿಗಳಿಂದ ತಿಳಿಯುವುದೇನು? ಗೋಡೆಯು ನಿಂತುದಕ್ಕೂ, ದಾರಿಯ ಬದಿಯ ಬಳ್ಳಿಯು ಉಳಿದುದಕ್ಕೂ, ನೆರೆಯವನ ತೋಟವು ಕೊಳೆತು ನಮ್ಮದು ಉಳಿದುದಕ್ಕೂ ಕಾರಣವಿದ್ದೇ ಇರುವುದು. ಅದೃಷ್ಟವೆಂದು ಸುಮ್ಮನಾಗದೆ ಏಕೆಂದು ಕೇಳುವ ಅಭ್ಯಾಸವೇ ಬೇಸಾಯದ ಮೊದಲನೆಯ ಪಾಠ. ಬರುವ ಮುಂಗಾರಿಗೆ ಮುಂಚಿತವಾಗಿ ನಿಮ್ಮ ಮನೆಯ ಸುಣ್ಣದ ಮೂಟೆಯನ್ನು ಬಿಚ್ಚಿ ನಿಂಬೆಯ ರಸವನ್ನು ಹಿಂಡಿ ನೋಡಿರಿ. ಅದು ನೊರೆಯುಕ್ಕಿದರೆ ಹೊಸ ಸುಣ್ಣವನ್ನು ತರಿಸುವುದಕ್ಕೆ ಆಗ ಇನ್ನೂ ಕಾಲವಿರುವುದು. ಮಳೆ ಹಿಡಿದ ಮೇಲೆ ಇರುವುದಿಲ್ಲ.